ಮೂಗು ಮುಚ್ಚಿ ಬರೆದ ಪುಟ

ವಿಧಾನಸಭೆಯಲ್ಲಿ ಗದ್ದಲವೆದ್ದ ಮರುದಿನ ನಮ್ಮ ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳುವ ಒಂದು ಮಾತುಂಟು: ‘ಸದನ ಮೀನುಪೇಟೆಯಾಯಿತು.’ ಬರೆದವರಿಗೆ ಅದರಲ್ಲಿ ಅನುಮಾನವಿಲ್ಲ, ಓದಿದವರಿಗೆ ಅರ್ಥವಾಗದೆ ಇರುವುದಿಲ್ಲ. ಆದರೆ ಬರೆದವರಲ್ಲಿಯೂ ಓದಿದವರಲ್ಲಿಯೂ ಮೀನುಪೇಟೆಯಲ್ಲಿ ಅರ್ಧ ಗಂಟೆ ನಿಂತು ನೋಡಿದವರು ಎಷ್ಟು ಮಂದಿ ಎಂದು ಕೇಳಿದರೆ ಉತ್ತರ ಸುಲಭವಲ್ಲ. ನಾನೂ ಆ ಮಾತನ್ನು ಧಾರಾಳವಾಗಿ ಬಳಸಿದವನೇ. ಹರಿಹರದಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿದ ನಾನು, ಹುಡುಗರು ಗಲಾಟೆ ಮಾಡಿದಾಗಲೆಲ್ಲ, ‘ಇದೇನು ಶಾಲೆಯೋ ಮೀನು ಮಾರ್ಕೆಟ್ಟೋ?’ ಎಂದು ಮೇಜು ಗುದ್ದಿದವನು. ಊರಿನ ಮೀನು ಮಾರುವ ಜಾಗ ನಾನು ದಿನವೂ ಓಡಾಡುವ ದಾರಿಯಿಂದ ನಾಲ್ಕು ಮಾರು ದೂರದಲ್ಲಿದ್ದರೂ ಅಲ್ಲಿ ಕಾಲಿಟ್ಟವನಲ್ಲ.

ಈ ಮಾತಿನ ಹಿಂದಿರುವ ಕಣ್ಣೇ ನಮ್ಮ ಪ್ರವಾಸ ಸಾಹಿತ್ಯದ ಒಂದು ಪುಟವನ್ನೂ ಬರೆಯುತ್ತ ಬಂದಿದೆ ಎಂಬುದು ನನ್ನ ಈಚಿನ ತಿಳಿವಳಿಕೆ. ವಿದೇಶಕ್ಕೆ ಹೋಗಿಬಂದವರು ಬರೆಯುವ ಲೇಖನಗಳಲ್ಲಿ ಅರಮನೆ, ವಸ್ತುಸಂಗ್ರಹಾಲಯ, ರೈಲು, ಹೂದೋಟಗಳ ನಡುವೆ ಎಲ್ಲೋ ಒಂದು ಕಡೆ ಮೀನು ಮಾರುಕಟ್ಟೆಯೂ ಬರುತ್ತದೆ. ಬಂದಾಗ ಅದು ಎರಡು ಬಗೆಯಲ್ಲಿ ಬರುತ್ತದೆ. ಒಂದು, ಮೂಗು ಮುಚ್ಚಿದ ಪುಟ: ನಾತ, ಕೆಸರು, ರಕ್ತ, ‘ಅಲ್ಲಿಂದ ಹೊರಬಿದ್ದಾಗ ಹೋದ ಜೀವ ಬಂದಂತಾಯಿತು’ ಎಂಬ ಉದ್ಗಾರ. ಇನ್ನೊಂದು, ಬಾಯಿ ತೆರೆದ ಪುಟ: ಎಂಥ ಶುಭ್ರತೆ, ಎಂಥ ಶಿಸ್ತು, ಮೀನಿನ ಅಂಗಡಿಯೋ ಔಷಧದ ಅಂಗಡಿಯೋ, ನಮ್ಮವರು ಇದನ್ನು ಕಲಿಯುವುದು ಯಾವಾಗ! ಮೊದಲನೆಯದು ಹಳಬರದು, ಎರಡನೆಯದು ಹೊಸಬರದು ಎಂದು ನಾವು ತಿಳಿಯುತ್ತೇವೆ. ನಿಜವಾಗಿ ನೋಡಿದರೆ ಎರಡೂ ಒಂದೇ. ಮೂಗು ಮುಚ್ಚಿದವನೂ ನೋಡಲಿಲ್ಲ, ಬಾಯಿ ತೆರೆದವನೂ ನೋಡಲಿಲ್ಲ. ಒಬ್ಬನು ನಾತವಿದೆಯೆಂದು ಬರೆದ, ಇನ್ನೊಬ್ಬನು ನಾತವಿಲ್ಲವೆಂದು ಬರೆದ. ಇಬ್ಬರೂ ಬರೆದದ್ದು ತಮ್ಮ ಮೂಗಿನ ವಿಚಾರವನ್ನು.

ಇಂಥ ಆಕ್ಷೇಪಣೆಗೆ ಉದಾಹರಣೆ ಕೊಡಬೇಕಾದ್ದು ವಿಮರ್ಶಕನ ಧರ್ಮ. ಬೇರೆಯವರ ಪುಸ್ತಕದಿಂದ ಎತ್ತಿ ಕೊಡಬಹುದಾಗಿತ್ತು. ಆದರೆ ಅದಕ್ಕಿಂತ ಉತ್ತಮವಾದ, ಅಂದರೆ ಅದಕ್ಕಿಂತ ಕಳಪೆಯಾದ, ಉದಾಹರಣೆ ನನ್ನ ಕಪಾಟಿನಲ್ಲಿಯೇ ಇದೆ. 2019ರ ನವೆಂಬರಿನಲ್ಲಿ ನಾನು ಟೋಕಿಯೊ ನಗರದಲ್ಲಿದ್ದೆ. ಭಾರತೀಯರು ಹೆಚ್ಚಾಗಿ ನೆಲೆಸಿರುವ ನಿಶಿಕಸಾಯ್ ಎಂಬ ಬಡಾವಣೆಯಲ್ಲಿ ಮಗಳು ಅಳಿಯ ಸಂಸಾರ ಹೂಡಿದ್ದಾರೆ. ಒಂದು ದಿನ ಬೆಳಗಿನ ಜಾವ ಮಗಳು ನನ್ನನ್ನು ಎಬ್ಬಿಸಿ ತೊಯೊಸು ಮೀನು ಮಾರುಕಟ್ಟೆಗೆ ಕರೆದುಕೊಂಡು ಹೋದಳು. ಆ ರಾತ್ರಿ ದಿನಚರಿಯಲ್ಲಿ ನಾನು ಬರೆದದ್ದು ಇಷ್ಟು:

‘ಬೆಳಿಗ್ಗೆ ಮೀನು ಮಾರ್ಕೆಟ್ಟು ನೋಡಿದ್ದಾಯಿತು. ಗಾಜಿನ ಹಿಂದೆ ನಿಂತು ನೋಡುವ ಏರ್ಪಾಡು ಇರುವುದರಿಂದ ವಾಸನೆ ಇಲ್ಲ. ಬಹಳ ಶುಚಿ. ಹಂದಿಯ ಗಾತ್ರದ ಮೀನುಗಳನ್ನು ಸಾಲಾಗಿ ಮಲಗಿಸಿದ್ದಾರೆ. ಏನೋ ಗಂಟೆ ಬಾರಿಸಿ ಕೂಗುತ್ತಾರೆ. ಅರ್ಥವಾಗಲಿಲ್ಲ. ನಮ್ಮ ದೇಶದಲ್ಲಿ ಇಂಥ ಶಿಸ್ತು ಯಾವಾಗ ಬರುವುದೋ. ಬಂದು ಸ್ನಾನ ಮಾಡಿ ಕಾಫಿ ಕುಡಿದೆ. ಮಧ್ಯಾಹ್ನ ದೇವಾಲಯ.’

ಬೇರೆ ಯಾರಾದರೂ ಬರೆದಿದ್ದರೆ ಈ ಪುಟವನ್ನು ನಾನು ಹೇಗೆ ವಿಮರ್ಶಿಸುತ್ತಿದ್ದೆನೋ ಹಾಗೆಯೇ ಈಗ ವಿಮರ್ಶಿಸುತ್ತೇನೆ. ಎಂಟು ಹತ್ತು ವಾಕ್ಯಗಳಲ್ಲಿ ಒಂದು ಮೀನಿನ ಹೆಸರಿಲ್ಲ. ಒಬ್ಬ ಮನುಷ್ಯನ ಕೈ ಇಲ್ಲ. ‘ಏನೋ’ ಎಂಬ ಮಾತು ಇದೆ. ಏನು ಎಂದು ಕೇಳಲು ಬಾರದ ಲೇಖಕನಿಗೆ ‘ಏನೋ’ ಎಂಬುದು ಬಹಳ ಅನುಕೂಲದ ಶಬ್ದ. ‘ಅರ್ಥವಾಗಲಿಲ್ಲ’ ಎಂಬ ಒಪ್ಪಿಗೆಯ ಬೆನ್ನಿಗೇ ‘ನಮ್ಮ ದೇಶದಲ್ಲಿ ಯಾವಾಗ’ ಎಂಬ ತೀರ್ಪು ಬಂದಿದೆ. ಅರ್ಥವಾಗದೆ ಇದ್ದುದರ ಮೇಲೆ ತೀರ್ಪು ಹೇಳಿದ್ದಾಯಿತು. ಇನ್ನು ಆ ಸ್ನಾನ! ಗಾಜಿನ ಹಿಂದೆ ನಿಂತಿದ್ದವನಿಗೆ ಯಾವ ಮೈಲಿಗೆ ತಗುಲಿತ್ತೋ ತಿಳಿಯದು. ಇಡೀ ಪುಟದಲ್ಲಿ ಸತ್ಯವಾದ ವಾಕ್ಯ ಎಂದರೆ ಅದೊಂದೇ.

ನೋಡಬೇಕಾಗಿದ್ದುದು ಏನು? ಊರಿಗೆ ಬಂದ ಮೇಲೆ ಓದಿ, ಮಗಳನ್ನು ಕೇಳಿ ತಿಳಿದದ್ದನ್ನು ಸಂಗ್ರಹಿಸಿ ಹೇಳುತ್ತೇನೆ. ಟೋಕಿಯೊ ನಗರ ಇನ್ನೂ ಎದೋ ಎಂಬ ಹೆಸರಿನಲ್ಲಿದ್ದಾಗ, ಹದಿನೇಳನೆಯ ಶತಮಾನದ ಆರಂಭದಲ್ಲಿ, ತೊಕುಗಾವ ಇಯೆಯಾಸು ಎಂಬ ಅಧಿಪತಿ ಒಸಾಕಾ ಕಡೆಯ ತ್ಸುಕುದಾ ಎಂಬ ಹಳ್ಳಿಯಿಂದ ಬೆಸ್ತರನ್ನು ಕರೆಸಿ ಕೋಟೆಗೆ ಮೀನು ಒದಗಿಸಲು ನೆಲೆಗೊಳಿಸಿದ. ಕೋಟೆಗೆ ಕೊಟ್ಟು ಮಿಕ್ಕಿದ್ದನ್ನು ಅವರು ನಿಹೊನ್‌ಬಾಶಿ ಎಂಬ ಸೇತುವೆಯ ಪಕ್ಕದಲ್ಲಿ ಮಾರತೊಡಗಿದರು. ಆ ಸೇತುವೆಯ ಬದಿಯ ಪೇಟೆ ಮುನ್ನೂರು ವರ್ಷ ನಡೆಯಿತು. 1923ರ ಸೆಪ್ಟೆಂಬರ್ 1ರ ಮಹಾ ಭೂಕಂಪ ಮತ್ತು ಬೆಂಕಿಯಲ್ಲಿ ಅದು ನಾಶವಾಯಿತು. ಅನಂತರ ಕಡಲಿನ ಅಂಚಿನ ತ್ಸುಕಿಜಿ ಎಂಬಲ್ಲಿ ಕಟ್ಟಿದ ಮಾರುಕಟ್ಟೆ 1935ರಲ್ಲಿ ತೆರೆಯಿತು. ಆ ಕಟ್ಟಡ ಬಾಗಿದ ಬಿಲ್ಲಿನ ಆಕಾರದಲ್ಲಿತ್ತು. ಮೀನು ಹೊತ್ತ ಗೂಡ್ಸು ರೈಲು ಒಳಗೇ ಬಂದು ಸುತ್ತಿ ನಿಲ್ಲಬೇಕಾಗಿತ್ತು, ಹಳಿ ಬಾಗಿದಂತೆ ಕಟ್ಟಡವೂ ಬಾಗಿತು. ಎಂಬತ್ತಮೂರು ವರ್ಷ ನಡೆದ ಆ ಪೇಟೆ 2018ರ ಅಕ್ಟೋಬರಿನಲ್ಲಿ ಮುಚ್ಚಿ, ನಾನು ಕಂಡ ತೊಯೊಸುವಿಗೆ ವರ್ಗವಾಯಿತು.

ವರ್ಗಾವಣೆಯೂ ಸುಸೂತ್ರವಾಗಿ ಆದದ್ದಲ್ಲ. ಹೊಸ ಜಾಗದಲ್ಲಿ ಹಿಂದೆ ಅನಿಲ ತಯಾರಿಸುವ ಕಾರ್ಖಾನೆ ಇತ್ತು. ನೆಲದಲ್ಲಿ ವಿಷ ಉಳಿದಿದೆಯೆಂಬ ಕಾರಣಕ್ಕೆ 2016ರಲ್ಲಿ ಆಗಬೇಕಾಗಿದ್ದ ಆರಂಭ ಎರಡು ವರ್ಷ ಮುಂದಕ್ಕೆ ಹೋಯಿತು. ನಾನು ‘ಬಹಳ ಶುಚಿ’ ಎಂದು ಬರೆದ ನೆಲದ ಕಥೆ ಇದು. ಆ ಶುಚಿತ್ವ ಜಪಾನೀಯರ ಹುಟ್ಟುಗುಣವಲ್ಲ. ಜಗಳವಾಡಿ, ಪರೀಕ್ಷೆ ಮಾಡಿಸಿ, ಹಣ ಸುರಿದು ಪಡೆದದ್ದು. ಇದು ಗೊತ್ತಿದ್ದರೆ ‘ನಮ್ಮವರಿಗೆ ಯಾವಾಗ ಬರುವುದೋ’ ಎಂದು ನಿಟ್ಟುಸಿರು ಬಿಡುವ ಬದಲು ಬೇರೆ ಪ್ರಶ್ನೆ ಕೇಳಬಹುದಾಗಿತ್ತು.

ಇನ್ನು ಆ ‘ಏನೋ ಗಂಟೆ’. ಬೆಳಗಿನ ಐದೂವರೆಯ ಸುಮಾರಿಗೆ ಟ್ಯೂನಾ ಮೀನಿನ ಹರಾಜು ಮೊದಲಾಗುತ್ತದೆ. ಅದಕ್ಕೆ ಮೊದಲೇ ಕೊಳ್ಳುವವರು ಬಂದು ಸಾಲುಗಳ ನಡುವೆ ಓಡಾಡುತ್ತಾರೆ. ಪ್ರತಿ ಮೀನಿನ ಬಾಲದ ಹತ್ತಿರ ಮಾಂಸ ಕಾಣುವಂತೆ ಕತ್ತರಿಸಿಟ್ಟಿರುತ್ತಾರೆ. ಕೊಳ್ಳುವವನು ಅಲ್ಲಿಗೆ ದೀಪ ಹಿಡಿದು ಬಣ್ಣ ನೋಡುತ್ತಾನೆ. ಒಂದು ಚೂರು ಕಿತ್ತು ಬೆರಳುಗಳ ನಡುವೆ ಉಜ್ಜಿ ಕೊಬ್ಬು ಎಷ್ಟಿದೆಯೆಂದು ತಿಳಿಯುತ್ತಾನೆ. ಇಷ್ಟಾದ ಮೇಲೆ ಗಂಟೆ. ಕೂಗುವವನು ಒಂದು ಲಯದಲ್ಲಿ ಕೂಗುತ್ತಾನೆ, ಕೊಳ್ಳುವವರು ಬಾಯಿ ಬಿಡದೆ ಬೆರಳುಗಳ ಸಂಜ್ಞೆಯಿಂದ ಬೆಲೆ ಹೇಳುತ್ತಾರೆ. ಒಂದು ಮೀನು ಮಾರಾಟವಾಗಲು ಕೆಲವು ಕ್ಷಣ ಸಾಕು. ಲಕ್ಷಗಟ್ಟಲೆ ಹಣದ ವ್ಯವಹಾರ ಬೆರಳುಗಳ ಭಾಷೆಯಲ್ಲಿ ಮುಗಿಯುತ್ತದೆ. 2019ರ ಜನವರಿ 5ರಂದು, ತೊಯೊಸುವಿನ ಮೊದಲನೆಯ ಹೊಸ ವರ್ಷದ ಹರಾಜಿನಲ್ಲಿ, 278 ಕಿಲೋ ತೂಕದ ಒಂದು ಮೀನು 33 ಕೋಟಿ 36 ಲಕ್ಷ ಯೆನ್‌ಗೆ, ಎಂದರೆ ನಮ್ಮ 20 ಕೋಟಿ ರೂಪಾಯಿಗೂ ಮೇಲೆ, ಮಾರಾಟವಾಯಿತು. ಅದು ಹಬ್ಬದ ಬೆಲೆ, ಪ್ರಚಾರದ ಬೆಲೆ, ದಿನನಿತ್ಯದ ದರವಲ್ಲ. ಆದರೂ ನಮ್ಮ ಸದನಗಳನ್ನು ಮೀನುಪೇಟೆಗೆ ಹೋಲಿಸುವವರು ಒಮ್ಮೆ ಅಲ್ಲಿಗೆ ಹೋಗಿ ಬಂದರೆ, ಹೋಲಿಕೆಯಿಂದ ಯಾರಿಗೆ ಅವಮಾನವಾಯಿತು ಎಂದು ಯೋಚಿಸಬೇಕಾದೀತು. ಅಷ್ಟು ದೂರ ಹೋಗುವುದೂ ಬೇಡ. ಮಲ್ಪೆಯ ಬಂದರಿನಲ್ಲಿ, ಮಂಗಳೂರಿನ ದಕ್ಕೆಯಲ್ಲಿ ಬೆಳಗಿನ ಹರಾಜು ಕೇಳಿದವರಿಗೆ ಗೊತ್ತು: ಅಲ್ಲಿ ಕೂಗು ಇದೆ, ಆದರೆ ಯಾರ ಕೂಗು ಯಾರಿಗೆ ಎಂಬುದರಲ್ಲಿ ಗೊಂದಲವಿಲ್ಲ.

ಮಾರುಕಟ್ಟೆ ಹೋದರೂ ತ್ಸುಕಿಜಿಯ ಹೊರಪೇಟೆ ಉಳಿದಿದೆ. ಅದೇ ದಿನ ಮಧ್ಯಾಹ್ನ ನಾನು ನೋಡಿದ, ದಿನಚರಿಯಲ್ಲಿ ಬರಿಯ ‘ದೇವಾಲಯ’ ಎಂದು ಬರೆದ ಜಾಗ ಇರುವುದು ಅಲ್ಲಿಯೇ. ಅದರ ಹೆಸರು ನಮಿಯೊಕೆ ಇನಾರಿ. ಅಲೆಯನ್ನು ತಡೆಯುವ ದೇವರ ಗುಡಿ. ಅದರ ಅಂಗಳದಲ್ಲಿ ಕಲ್ಲುಗಳನ್ನು ನಿಲ್ಲಿಸಿದ್ದಾರೆ. ಒಂದು ಸೀಗಡಿಯ ನೆನಪಿಗೆ, ಒಂದು ಆಂಕೊ ಎಂಬ ಮೀನಿನ ನೆನಪಿಗೆ, ಒಂದು ಮೊಟ್ಟೆಯ ನೆನಪಿಗೆ ಕೂಡ. ಕೊಂದು ತಿಂದದ್ದಕ್ಕೆ, ಮಾರಿ ಬದುಕಿದ್ದಕ್ಕೆ, ಆ ವ್ಯಾಪಾರಿಗಳೇ ನಿಲ್ಲಿಸಿದ ಕೃತಜ್ಞತೆಯ ಕಲ್ಲುಗಳು ಅವು. ವೀರಗಲ್ಲು ಮಾಸ್ತಿಗಲ್ಲುಗಳ ನಾಡಿನಿಂದ ಹೋದ ನನಗೆ ಅವು ಅಲಂಕಾರದ ಬಂಡೆಗಳಂತೆ ಕಂಡವು. ತ್ಸುಕಿಜಿಗೆ ಇನ್ನೊಂದು ನೆನಪೂ ಇದೆ. 1954ರ ಮಾರ್ಚಿಯಲ್ಲಿ ಬಿಕಿನಿ ದ್ವೀಪದ ಬಳಿ ಅಮೆರಿಕ ನಡೆಸಿದ ಜಲಜನಕ ಬಾಂಬಿನ ಪ್ರಯೋಗದ ಬೂದಿ ಒಂದು ಜಪಾನಿ ಮೀನುಗಾರಿಕೆಯ ದೋಣಿಯ ಮೇಲೆ ಬಿತ್ತು. ಆ ದೋಣಿಯ ಮೀನು ತ್ಸುಕಿಜಿಗೆ ಬಂದಾಗ ಅದರಲ್ಲಿ ವಿಕಿರಣ ಕಂಡುಬಂದು, ಮೀನನ್ನು ಮಾರುಕಟ್ಟೆಯ ಆವರಣದಲ್ಲಿಯೇ ಹೂಳಿದರು. ಒಂದು ಮೀನುಪೇಟೆಯ ನೆಲದಲ್ಲಿ ಇಪ್ಪತ್ತನೆಯ ಶತಮಾನದ ಚರಿತ್ರೆಯೇ ಹೂತಿತ್ತು. ನಾನು ಬಂದು ಕಾಫಿ ಕುಡಿದೆ.

ಇಲ್ಲಿ ಓದುಗರು ನನ್ನನ್ನು ತಡೆದು ಒಂದು ಮಾತು ಕೇಳಬಹುದು. ‘ಸ್ವಾಮಿ, ಸಾಹಿತ್ಯವೆಂದರೆ ಮೀನುಗಾರಿಕೆ ಇಲಾಖೆಯ ವರದಿಯೆ? ಮೀನು ತಿನ್ನದ ಮನೆಯಲ್ಲಿ ಹುಟ್ಟಿದವನಿಗೆ ಆ ವಾಸನೆ ಅಸಹ್ಯವಾದರೆ ಅದೂ ಒಂದು ನಿಜವಾದ ಭಾವವಲ್ಲವೆ? ಅದನ್ನು ಬರೆದರೆ ತಪ್ಪೇನು?’ ಪ್ರಶ್ನೆ ನ್ಯಾಯವಾದದ್ದು. ಅಸಹ್ಯವನ್ನು ಬರೆದರೆ ತಪ್ಪಿಲ್ಲ. ನನ್ನ ಸ್ನಾನದ ವಾಕ್ಯವನ್ನು ಸತ್ಯವೆಂದು ನಾನೇ ಒಪ್ಪಿದ್ದೇನೆ. ಆದರೆ ಅಸಹ್ಯ ನನ್ನದು ಎಂದು ಬರೆಯುವುದು ಬೇರೆ, ಅದು ಮಾರುಕಟ್ಟೆಯದು ಎಂದು ಬರೆಯುವುದು ಬೇರೆ. ಸ್ನಾನ ಮಾಡಿದ್ದು ಯಾಕೆ ಎಂದು ಒಂದೇ ಒಂದು ವಾಕ್ಯದಲ್ಲಿ ನನ್ನನ್ನು ನಾನು ಕೇಳಿಕೊಂಡಿದ್ದರೆ ಆ ಪುಟ ಬದುಕುತ್ತಿತ್ತು. ನಮ್ಮಲ್ಲಿ ಬರೆಯುವವರು ಬಹುಕಾಲ ಒಂದೇ ಬಗೆಯ ಅಡಿಗೆಮನೆಗಳಿಂದ ಬಂದವರು. ಅದು ಅವರ ಅಪರಾಧವಲ್ಲ. ಆದರೆ ಆ ಅಡಿಗೆಮನೆಯ ಮೂಗನ್ನೇ ಕನ್ನಡದ ಮೂಗು ಎಂದು ಓದುಗರಿಗೆಲ್ಲ ಹಂಚಿದ್ದು ಲೋಪ. ಈ ನಾಡಿನಲ್ಲಿ ಬಂಗಡೆ ಬುತಾಯಿಗಳಿಲ್ಲದೆ ಊಟವೇ ಇಲ್ಲವೆನ್ನುವ ಕರಾವಳಿಯುಂಟು. ಹೊಳೆಯ ಮೀನು, ಕೆರೆಯ ಮೀನು ಕಾಯುತ್ತ ಕೂರುವ ಬಯಲುಸೀಮೆಯುಂಟು. ಅವರೂ ಕನ್ನಡ ಓದುತ್ತಾರೆ. ‘ಹೋದ ಜೀವ ಬಂದಂತಾಯಿತು’ ಎಂಬ ಸಾಲನ್ನು ಅವರು ಹೇಗೆ ಓದಬೇಕು?

ಇದು ನಮ್ಮ ಪರಂಪರೆಯಲ್ಲಿಯೇ ಇಲ್ಲದ ವಿಷಯ ಎನ್ನುವಂತೆಯೂ ಇಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ, ಇಂದಿನ ಬಸವಕಲ್ಯಾಣದಲ್ಲಿ ಕುಳಿತು, ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ. ರಾಜನೀತಿ, ಸಂಗೀತ, ಚಿತ್ರಕಲೆಗಳ ಜೊತೆಗೆ ಅದರಲ್ಲಿ ‘ಮತ್ಸ್ಯವಿನೋದ’ ಎಂಬ ಅಧ್ಯಾಯವೇ ಉಂಟು. ಸಮುದ್ರದ ಮೀನು, ನದಿಯ ಮೀನು. ಚಿಪ್ಪು ಉಳ್ಳವು, ಚಿಪ್ಪು ಇಲ್ಲದವು ಎಂದು ವಿಂಗಡಿಸಿ, ಯಾವ ಮೀನಿಗೆ ಯಾವ ಆಹಾರ, ಗಾಳದ ದಾರ ಹೇಗಿರಬೇಕು ಎಂಬುದನ್ನೆಲ್ಲ ದೊರೆ ವಿವರಿಸಿದ್ದಾನೆ. ಮೀನುಶಾಸ್ತ್ರಜ್ಞರಾದ ಸುಂದರಲಾಲ್ ಹೋರಾ ಅವರು 1951ರಲ್ಲಿ ಈ ಅಧ್ಯಾಯವನ್ನು ಕುರಿತು ಲೇಖನ ಬರೆದು, ಅದನ್ನು ವಿಜ್ಞಾನಿಗಳ ಗಮನಕ್ಕೆ ತಂದರು. ಸಿಂಹಾಸನದ ಮೇಲೆ ಕುಳಿತವನಿಗೆ ಮೀನಿನ ಹೆಸರು ಹೇಳಲು ನಾಚಿಕೆಯಾಗಲಿಲ್ಲ. ಮೇಷ್ಟರ ಕುರ್ಚಿಯಲ್ಲಿ ಕುಳಿತವನಿಗೆ ಆಯಿತು. ಅದೇ ಶತಮಾನದಲ್ಲಿ ನಮ್ಮ ತುಂಗಭದ್ರೆಯಲ್ಲಿ ದೋಣಿ ನಡೆಸಿದವನು ಅಂಬಿಗರ ಚೌಡಯ್ಯ. ಹರಿಹರದಿಂದ ಹೊಳೆಯ ಜೊತೆಯಲ್ಲಿಯೇ ಕೆಳಕ್ಕೆ ಹೋದರೆ ರಾಣೆಬೆನ್ನೂರು ತಾಲ್ಲೂಕಿನ ಚೌಡಯ್ಯದಾನಪುರ ಸಿಕ್ಕುತ್ತದೆ. ತನ್ನ ಕಸುಬನ್ನು ಬಿಟ್ಟು ಬಂದು ಆತ ವಚನ ಹೇಳಲಿಲ್ಲ. ಕಸುಬಿನ ಹೆಸರಿನಲ್ಲಿಯೇ ಹೇಳಿದ. ಅವನ ವಚನಗಳನ್ನು ಪಾಠ ಹೇಳಿದ ನಾನು ಅವನ ಕುಲಬಾಂಧವರು ಕೂರುವ ಬೀದಿಗೆ ಹೋಗಲಿಲ್ಲ.

ನಮ್ಮ ಕಾಲದಲ್ಲಿ ಬೇರೆ ಕಣ್ಣಿನಿಂದ ನೋಡಿದವರೂ ಇದ್ದಾರೆ. ಪೂರ್ಣಚಂದ್ರ ತೇಜಸ್ವಿಯವರ ‘ಅಲೆಮಾರಿಯ ಅಂಡಮಾನ್ ಮತ್ತು ಮಹಾನದಿ ನೈಲ್’ ಪುಸ್ತಕವನ್ನು ಈ ದೃಷ್ಟಿಯಿಂದ ಮತ್ತೆ ಓದಬೇಕು. ಅಂಡಮಾನ್ ಪರದೇಶವಲ್ಲ, ನಿಜ. ಆದರೆ ಮಲೆನಾಡಿನವನಿಗೆ ಅದು ಬೇರೆಯೇ ಲೋಕ. ತೇಜಸ್ವಿಯವರು ಊರಿನ ಹೊಳೆಯಲ್ಲಿ ಗಾಳ ಹಾಕಿ ಗಂಟೆಗಟ್ಟಲೆ ಕೂತು ಕಲಿತವರು. ಹಾಗಾಗಿ ಅವರು ಸಮುದ್ರದ ಎದುರು ನಿಂತಾಗ ‘ಏನೋ’ ಎನ್ನುವುದಿಲ್ಲ, ‘ಇದೇನು’ ಎನ್ನುತ್ತಾರೆ. ಊರಿನಲ್ಲಿ ಪ್ರಶ್ನೆ ಕೇಳಿ ಅಭ್ಯಾಸವಿದ್ದವನಿಗೆ ಮಾತ್ರ ಪರಸ್ಥಳದಲ್ಲಿ ಪ್ರಶ್ನೆ ಹುಟ್ಟುತ್ತದೆ. ಪ್ರವಾಸ ಸಾಹಿತ್ಯದ ಗುಟ್ಟು ಇಷ್ಟೇ ಎಂದು ನನಗೆ ಈಗ ತೋರುತ್ತದೆ: ಹೊರಡುವ ಮುನ್ನ ಮನೆಯ ಹತ್ತಿರ ನೋಡಿದ್ದೆಷ್ಟೋ, ದೂರದಲ್ಲಿ ಕಾಣುವುದೂ ಅಷ್ಟೇ.

ಈ ಅನುಮಾನ ಗಟ್ಟಿಯಾದ ಮೇಲೆ ಒಂದು ದಿನ ಬೆಳಿಗ್ಗೆ ಧೈರ್ಯ ಮಾಡಿ, ಹೊಳೆಯ ಕಡೆಗೆ ಹೋಗುವ ದಾರಿಯ ಬದಿಯಲ್ಲಿ ಮೀನು ಮಾರುವವರು ಕೂರುವಲ್ಲಿಗೆ ಹೋದೆ. ಗೋಣಿತಾಟಿನ ಮೇಲೆ ಬುಟ್ಟಿ, ತಕ್ಕಡಿ, ಮುಂದೆ ಈಳಿಗೆ. ಐವತ್ತು ದಾಟಿದ ಒಬ್ಬಾಕೆ ನನ್ನನ್ನು ನೋಡಿ ನಕ್ಕರು.

‘ಮೇಷ್ಟ್ರು ದಾರಿ ತಪ್ಪಿ ಬಂದ್ರೇನು?’

ನನ್ನ ಗುರುತು ಹೇಗೆ ಎಂದೆ. ‘ನನ್ ಮಗ ನಿಮ್ಮತ್ರಾನೇ ಕಲ್ತಿದ್ದಲ್ರಾ’ ಎಂದರು. ಹೆಸರು ಹೇಳಿದರು. ಮೂರನೆಯ ಬೆಂಚಿನ ಹುಡುಗ, ಅಕ್ಷರ ಚೆನ್ನಾಗಿತ್ತು. ನನಗೆ ನೆನಪಾದದ್ದು ಅಕ್ಷರ, ಆಕೆಗೆ ನೆನಪಿದ್ದುದು ಬೇರೆ. ‘ಒಂದಿನ ಮನಿಗ್ ಬಂದು, ಅವ್ವಾ, ಇವತ್ತು ಮೇಷ್ಟ್ರು ನಮ್ ಕ್ಲಾಸಿಗೆ ಮೀನು ಮಾರ್ಕೆಟ್ಟು ಅಂತ ಬೈದ್ರು ಅಂದ. ನಾನಂದೆ, ಹಂಗಂದ್ರೆ ಕೆಲ್ಸ ಜೋರು ನಡದೈತೆ ಅಂತ ತಿಳ್ಕ ಅಂತ.’

ಆಕೆ ನಕ್ಕೇ ಹೇಳಿದರು. ದೂರು ಇರಲಿಲ್ಲ. ನಾನೂ ನಗಲು ಪ್ರಯತ್ನ ಮಾಡಿದೆ. ಮೂವತ್ತು ವರ್ಷ ಉಪಮಾಲಂಕಾರ ಪಾಠ ಹೇಳಿದವನಿಗೆ, ಉಪಮಾನವಾದದ್ದು ಒಬ್ಬ ಹುಡುಗನ ತಾಯಿ ಕೂರುವ ಜಾಗವೆಂಬುದು ಅಂದಿನವರೆಗೆ ಹೊಳೆದಿರಲಿಲ್ಲ. ಆ ಹುಡುಗ ಮೂರನೆಯ ಬೆಂಚಿನಿಂದ ನನ್ನನ್ನು ನೋಡುತ್ತಿದ್ದ. ಆ ಕ್ಷಣದಲ್ಲಿ ನಾನು ಅವನನ್ನು ನೋಡಿದ್ದೆನೇ ಎಂಬುದು ನೆನಪಿಲ್ಲ.

ಬುಟ್ಟಿಯಲ್ಲಿದ್ದವುಗಳ ಹೆಸರು ಕೇಳಿದೆ. ಗೆಂಡೆ, ಬಾಳೆ, ಕೊರವ. ಸಾಕಿ ಬೆಳೆಸಿದ ಕಾಟ್ಲಾ, ರೋಹು. ಎಲ್ಲಿಂದಲೋ ಬಂದು ಎಲ್ಲ ಕೆರೆಗಳನ್ನೂ ತುಂಬಿಕೊಂಡಿರುವ ಜಿಲೇಬಿ. ಹೊಳೆಯದು ಯಾವುದು, ಕೆರೆಯದು ಯಾವುದು ಎಂದು ಮುಟ್ಟಿ ತೋರಿಸಿದರು. ಒಳ್ಳೆಯದನ್ನು ಕಂಡುಹಿಡಿಯುವುದು ಹೇಗೆ ಎಂದದ್ದಕ್ಕೆ, ಒಂದು ಮೀನನ್ನು ಎತ್ತಿ ಹೆಬ್ಬೆರಳಿನಿಂದ ಕಿವಿರು ತೆರೆದರು.

‘ಇಲ್ ನೋಡ್ರಿ ಸಾರ್. ಕೆಂಪಗಿದ್ರೆ ಇವತ್ತಿಂದು. ಕಂದಿದ್ರೆ ನಿನ್ನೇದು. ಕಣ್ಣು ಒಳಗೆ ಹೋಗಿದ್ರೆ ಮುಟ್ಟಬ್ಯಾಡ್ರಿ. ಮ್ಯಾಲಿನ ಹೊಳಪು ನೋಡ್ಬಾರ್ದು. ನೀರು ಚಿಮುಕಿಸಿದ್ರೆ ಎಲ್ಲಾನೂ ಹೊಳೀತೈತೆ.’

ತೊಯೊಸುವಿನಲ್ಲಿ ದೀಪ ಹಿಡಿದು ಬಾಲದ ಮಾಂಸ ನೋಡುತ್ತಿದ್ದವನ ಕೈ ಆಗ ನೆನಪಾಯಿತು. ಗಾಜಿನ ಹಿಂದಿನಿಂದ ನಾನು ಅದನ್ನು ಕಂಡಿದ್ದೆ. ಕಂಡದ್ದು ಏನೆಂದು ತಿಳಿಯಲು ಹರಿಹರಕ್ಕೆ ಬರಬೇಕಾಯಿತು. ಇಬ್ಬರದೂ ಒಂದೇ ವಿದ್ಯೆ. ಒಬ್ಬನ ಮೀನಿಗೆ ಲಕ್ಷ, ಒಬ್ಬಳ ಮೀನಿಗೆ ನೂರಿನ್ನೂರು, ವಿದ್ಯೆಗೆ ವ್ಯತ್ಯಾಸವಿಲ್ಲ. ಸಾಹಿತ್ಯ ವಿಮರ್ಶೆಗೂ ಇದಕ್ಕಿಂತ ಒಳ್ಳೆಯ ಸೂತ್ರವನ್ನು ಯಾವ ಆಲಂಕಾರಿಕನೂ ನನಗೆ ಹೇಳಿಕೊಟ್ಟಿಲ್ಲ. ನೀರು ಚಿಮುಕಿಸಿದ ವಾಕ್ಯಗಳು ಎಲ್ಲವೂ ಹೊಳೆಯುತ್ತವೆ. ಕಿವಿರು ಎತ್ತಿ ನೋಡಬೇಕು.

ಹೊಳೆಯ ಮೀನು ಮೊದಲಿನಷ್ಟು ಸಿಕ್ಕುತ್ತದೆಯೇ ಎಂದು ಕೇಳಿದೆ. ಆಕೆ ಹೊಳೆಯ ಕಡೆಗೆ ನೋಡಿ, ಇಲ್ಲವೆಂದು ತಲೆಯಾಡಿಸಿದರು. 1980ರ ದಶಕದಲ್ಲಿ ಈ ಪಾತ್ರದಲ್ಲಿ ಕಾರ್ಖಾನೆಯ ಹೊಲಸು ನೀರು ಸೇರಿ ಮೀನುಗಳು ಸತ್ತು ತೇಲಿದ್ದು, ಹೊಳೆಯನ್ನು ನಂಬಿದ ಬೆಸ್ತರೂ ದಂಡೆಯ ಹಳ್ಳಿಗಳ ಜನರೂ ದನಿಯೆತ್ತಿದ್ದು ಈ ಭಾಗದ ಹಿರಿಯರಿಗೆ ಗೊತ್ತು. ಆ ದಿನಗಳಲ್ಲಿ ನಾನು ಈ ಊರಿನಲ್ಲಿಯೇ ಇದ್ದೆ. ಕವಿಗೋಷ್ಠಿಗಳಲ್ಲಿ ತುಂಗಭದ್ರೆಯನ್ನು ತಾಯಿ ಎಂದು ಕರೆಯುತ್ತಿದ್ದೆ. ಬಿಕಿನಿಯ ಬೂದಿಯನ್ನು ಓದಿ ಮರುಗಿದ ಓದುಗ, ತನ್ನ ಹೊಳೆಯ ದಂಡೆಯಲ್ಲಿ ಮೂಗು ಮುಚ್ಚಿಕೊಂಡು ನಡೆದು ಹೋಗಿದ್ದ. ಆಗಿನದು ಪೇಟೆಯ ನಾತವಲ್ಲ, ಸತ್ತ ಹೊಳೆಯ ನಾತ. ಎಂದೂ ಹತ್ತಿರ ಹೋಗದವನಿಗೆ ಅವೆರಡರ ವ್ಯತ್ಯಾಸ ತಿಳಿಯುವುದು ಹೇಗೆ?

ಇದೇ ಹೊಳೆಯ ಮೇಲುಭಾಗವನ್ನು ನೆನೆದರೆ ವಿಚಿತ್ರವೆನಿಸುತ್ತದೆ. ತುಂಗೆ ಶೃಂಗೇರಿಯಲ್ಲಿ ಹರಿಯುವಾಗ ಅಲ್ಲಿನ ಘಟ್ಟದ ಮೀನುಗಳಿಗೆ ನಾವು ಪುರಿ ಎಸೆದು, ಮಕ್ಕಳನ್ನು ಎತ್ತಿ ತೋರಿಸಿ, ಭಕ್ತಿಯಿಂದ ಕೈ ಮುಗಿಯುತ್ತೇವೆ. ಅಲ್ಲಿ ಅವು ದೇವರ ಮೀನು, ಹಿಡಿಯುವಂತಿಲ್ಲ. ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ಅದೇ ನೀರು ಹರಿಹರಕ್ಕೆ ಬರುವಷ್ಟರಲ್ಲಿ ಅದೇ ಮೀನು ಅಸಹ್ಯವಾಗಿರುತ್ತದೆ. ಪೂಜೆಗೂ ಅಸಹ್ಯಕ್ಕೂ ನಡುವೆ, ಮೀನನ್ನು ಮೀನಾಗಿ, ಅದನ್ನು ಹಿಡಿದವನನ್ನು ಮನುಷ್ಯನಾಗಿ ನೋಡುವ ಒಂದು ಜಾಗವಿದೆ. ಸಾಹಿತ್ಯ ನಿಲ್ಲಬೇಕಾದ್ದು ಅಲ್ಲಿ. ಅಂಥ ಜಾಗ ನಮ್ಮ ಜನಕ್ಕೆ ತಿಳಿಯದ್ದೂ ಅಲ್ಲ. ದಕ್ಷಿಣ ಕನ್ನಡದ ಶಿಶಿಲದಲ್ಲಿ 1996ರಲ್ಲಿ ಯಾರೋ ಹೊಳೆಗೆ ವಿಷ ಹಾಕಿ ದೇವಾಲಯದ ಬಳಿಯ ಮೀನುಗಳನ್ನು ಕೊಂದಾಗ, ಸತ್ತ ಮೀನುಗಳಿಗಾಗಿ ಅಲ್ಲಿ ಸ್ಮಾರಕವನ್ನು ನಿಲ್ಲಿಸಿದರು. ನಮಿಯೊಕೆ ಗುಡಿಯ ಕಲ್ಲುಗಳಿಗೆ ಅದು ದೂರದ ನೆಂಟ. ಟೋಕಿಯೊದಲ್ಲಿ ನಿಂತು ಶಿಶಿಲವನ್ನು ನೆನೆದಿದ್ದರೆ ನನ್ನ ‘ದೇವಾಲಯ’ ಎಂಬ ಒಂಟಿ ಶಬ್ದ ಒಂದು ಪ್ಯಾರಾ ಆದರೂ ಆಗುತ್ತಿತ್ತು.

ವಿದೇಶದ ಮೀನು ಮಾರುಕಟ್ಟೆಯನ್ನು ಕುರಿತು ಇನ್ನು ಮುಂದೆ ಕನ್ನಡದಲ್ಲಿ ಬರುವ ಪುಟಗಳನ್ನು ನಾನು ಮೂರು ಪ್ರಶ್ನೆಗಳಿಂದ ಓದುವವನಿದ್ದೇನೆ. ಲೇಖಕ ಒಂದು ಮೀನಿನ ಹೆಸರನ್ನಾದರೂ ಕೇಳಿದನೆ? ಒಬ್ಬ ಮನುಷ್ಯನ ಕೈ ಏನು ಮಾಡುತ್ತಿತ್ತೆಂದು ನೋಡಿದನೆ? ತನ್ನ ಊರಿನ ಪೇಟೆಗೆ ಒಮ್ಮೆಯಾದರೂ ಹೋಗಿ ಬಂದು ಬರೆದನೆ? ಮೂರಕ್ಕೂ ಇಲ್ಲವೆಂದಾದರೆ, ಶೈಲಿ ಎಷ್ಟು ಲಲಿತವಾಗಿದ್ದರೂ, ಅದು ಪ್ರವಾಸ ಕಥನವಲ್ಲ, ಟಿಕೆಟ್ಟಿನ ಲೆಕ್ಕ. ಹೀಗೆಂದು ಮೀನು ತಿನ್ನದವರು ಮೀನು ತಿನ್ನಬೇಕೆಂದು ನಾನು ಹೇಳುತ್ತಿಲ್ಲ. ನಾನಂತೂ ಈ ವಯಸ್ಸಿನಲ್ಲಿ ತಿನ್ನುವವನಲ್ಲ. ಆಕೆಗೂ ಅದು ಗೊತ್ತು. ‘ತಗಳಾಕಲ್ಲ, ನೋಡಾಕ್ ಬಂದಾರೆ’ ಎಂದು ಪಕ್ಕದವರಿಗೆ ಹೇಳಿ, ನಾನು ಕೂರಲು ಒಂದು ಡಬ್ಬವನ್ನು ಮಗುಚಿ ಹಾಕಿದರು. ನೋಡುವುದಕ್ಕೂ ಅಲ್ಲಿ ಜಾಗವಿತ್ತು. ಮೂವತ್ತು ವರ್ಷವೂ ಇತ್ತು.

ಅಂದು ಮನೆಗೆ ಬಂದು ದಿನಚರಿ ಬರೆದೆ. ಗೆಂಡೆ, ಬಾಳೆ, ಕೊರವ ಎಂಬ ಹೆಸರುಗಳನ್ನು ಬರೆದೆ. ಕಿವಿರಿನ ಬಣ್ಣ ಬರೆದೆ. ಮೂರನೆಯ ಬೆಂಚಿನ ಹುಡುಗನ ಹೆಸರು ಬರೆದು, ಅವನ ಮುಂದೆ ನಾನು ಆಡಿದ ಮಾತನ್ನೂ ಬರೆದೆ. ಸ್ನಾನವನ್ನು ರಾತ್ರಿ, ಎಂದಿನ ಹೊತ್ತಿಗೆ ಮಾಡಿದೆ.